ಅಕ್ಕ ಕುಡಿದ ಅಂಕೋಲೆ

ನಾಟಿ ಔಷಧಿ ಅಂಗಡಿಯಲ್ಲಿ ಅಂಕೋಲೆ ಬೇರಿನ ವಾಸನೆ ಬಡಿದರೆ ಇವತ್ತಿಗೂ ನಾನು ಹೊರಗೆ ಬಂದುಬಿಡುತ್ತೇನೆ.

ಕಟ್ಟೆಮಳಲವಾಡಿಯ ನಮ್ಮ ಹೊಲದ ಬೇಲಿಯಲ್ಲಿ ನಾನೂ ಅಕ್ಕ ಗೌರಿಯೂ ಅಂಕೋಲೆ ಹಣ್ಣು ಕೀಳುತ್ತಿದ್ದಾಗ ಹುಚ್ಚುನಾಯಿಯೊಂದು ಇಬ್ಬರನ್ನೂ ಕಚ್ಚಿತು. ಆ ಮಧ್ಯಾಹ್ನವೇ ಅಪ್ಪ ಮೈಸೂರಿನ ಆಸ್ಪತ್ರೆಗೆಂದು ಗಾಡಿ ಕಟ್ಟಿ, ನನ್ನೊಬ್ಬನನ್ನೇ ಹತ್ತಿಸಿಕೊಂಡ.

"ಅಪ್ಪಯ್ಯ, ನಾನೂ ಬತ್ತೀನಿ," ಅಂದಳು ಅಕ್ಕ.

"ಎಣ್ಣೈಕ್ಳಿಗೆ ಅಷ್ಟು ದೂರ ಯಾಕೆ? ಅಂಕೋಲೆ ಬೇರಿನ ರಸವೇ ಸಾಕು," ಅಂದ ಅಪ್ಪ.

ಅಜ್ಜಿ ಬೇರಿನ ತೊಗಟೆ ಅರೆದು, ಮಣ್ಣುಬಣ್ಣದ ರಸವನ್ನು ಲೋಟಕ್ಕೆ ಹಿಂಡಿದಳು. ಅಕ್ಕ ಗಾಡಿಯಲ್ಲಿದ್ದ ನನ್ನನ್ನೇ ನೋಡುತ್ತ, ಮುಖ ಕಿವುಚಿಕೊಂಡು ಪೂರ್ತಿ ಕುಡಿದಳು.

ಮೂರು ವಾರ ಸೂಜಿ ಚುಚ್ಚಿಸಿಕೊಂಡು ನಾನೂ ಅಪ್ಪನೂ ಊರಿಗೆ ಬಂದೆವು. ಅಷ್ಟರಲ್ಲಿ ಅಕ್ಕನನ್ನು ಮಣ್ಣು ಮಾಡಿದ್ದರು. ಅಜ್ಜಿ ಎದೆ ಬಡಿದುಕೊಂಡು ಅಳುತ್ತಿದ್ದಳು.

ಅಪ್ಪ ನನ್ನ ತಲೆ ಸವರುತ್ತ ಅವಳಿಗೆ ಹೇಳಿದ: "ಅಳಬ್ಯಾಡ ಕಣವ್ವ, ಗಂಡು ಉಳೀತಲ್ಲ."