ಹನ್ನೊಂದು ಕೆಂಪು ಸುತ್ತು

ನೇತ್ರಾಳ ನೋಟ್‌ಬುಕ್ ಅಮೋಲನ ಕೈಯಿಂದ ವಾಪಸು ಬಂದಾಗ ಅದರಲ್ಲಿ ಹನ್ನೊಂದು ಕೆಂಪು ಸುತ್ತುಗಳಿದ್ದವು. ಹನ್ನೊಂದೂ ಒಂದೇ ಪದದ ಮೇಲೆ. ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ಎಲ್ಲೆಲ್ಲಿ ‘ದೇ’ ಎಂದು ಬರೆದಿದ್ದಳೋ ಅಲ್ಲೆಲ್ಲ ಸುತ್ತು ಹಾಕಿ, ಮೇಲೆ ‘ಹೀ’ ಎಂದು ತಿದ್ದಿ, ಕೊನೆಗೆ ಹತ್ತಕ್ಕೆ ನಾಲ್ಕು ಎಂದು ದಪ್ಪಗೆ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದ. ಕೋಚಿಂಗ್ ಕ್ಲಾಸುಗಳಿಗೇ ಹೆಸರಾದ ಅಮೀರಪೇಟೆಯಲ್ಲಿ ಎರಡು ತಿಂಗಳು ಸ್ಪೋಕನ್ ಇಂಗ್ಲಿಷ್ ಕಲಿತು ಬಂದ ಹುಡುಗ. ಅಂಥವನ ಕೈಗೆ ಕೆಂಪು ಪೆನ್ನು ಕೊಟ್ಟರೆ ಕೇಳಬೇಕೆ!

ಕೊಟ್ಟವರು ಇಂಗ್ಲಿಷಿನ ಸತ್ಯಭಾಮಾ ಟೀಚರ್. ಮಕ್ಕಳ ಪ್ರಬಂಧವನ್ನು ಮಕ್ಕಳೇ ತಿದ್ದಬೇಕು, ಮಕ್ಕಳೇ ಅಂಕ ಹಾಕಬೇಕು ಎಂಬ ಹೊಸ ಪದ್ಧತಿಯನ್ನು ಯಾವುದೋ ತರಬೇತಿಯಿಂದ ತೆಲುಗು ನಾಡಿನ ಕುಷಾಯಿಗೂಡದ ಆ ಶಾಲೆಗೆ ಹೊತ್ತು ತಂದಿದ್ದರು. ವಿಷಯ ‘ನನ್ನ ತಂದೆ ತಾಯಿ’. ಎಲ್ಲರಿಗಿಂತ ಚೆನ್ನಾಗಿ ಬರೆದವರು ಅದನ್ನು ವಾರ್ಷಿಕೋತ್ಸವದ ವೇದಿಕೆಯ ಮೇಲೆ ಓದಬೇಕು. ಯಾವುದೋ ಸಾಫ್ಟ್‌ವೇರ್ ಕಂಪನಿಯ ಸಾಹೇಬರು ಅತಿಥಿ. ವೇದಿಕೆ ಹತ್ತುವುದು ತಾನೇ ಎಂದು ನೇತ್ರಾ ನಂಬಿಬಿಟ್ಟಿದ್ದಳು. ಮುಂದಿನ ಸಾಲಿನಲ್ಲೇ ಕೂಡಬೇಕು ಎಂದು ಅವ್ವನಿಗೆ ಹೇಳಿಯೂ ಆಗಿತ್ತು. ಇಂಗ್ಲಿಷಿನ ಒಂದಕ್ಷರ ಬಾರದ ಅವ್ವ ಸಾವಿತ್ರಿ ಅಂದಿನಿಂದ ಈ ಸುದ್ದಿಯನ್ನು ಅಕ್ಕಪಕ್ಕದವರಿಗೆಲ್ಲ ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿಕೊಂಡು ತಿರುಗುತ್ತಿದ್ದಳು.

ನೇತ್ರಾಳ ಮೈಯೆಲ್ಲ ಉರಿದುಹೋಯಿತು. ನೋಟ್‌ಬುಕ್ ಎತ್ತಿಕೊಂಡು ನೆಟ್ಟಗೆ ಟೀಚರ ಮೇಜಿಗೆ ನಡೆದಳು. ಟೀಚರ್ ಪೂರ್ತಿ ಓದಿದರು. ಬರವಣಿಗೆ ಬಹಳ ಚೆನ್ನಾಗಿದೆ, ಕ್ಲಾಸಿನಲ್ಲಿ ಇದಕ್ಕೆ ಸರಿಸಾಟಿಯೇ ಇಲ್ಲ, ಆದರೆ ಅಮೋಲ್ ತಿದ್ದಿದ್ದೂ ಸರಿ ಎಂದರು. ‘ದೇ’ ಎಂದರೆ ಹಲವರು. ಅಪ್ಪ ಒಬ್ಬರೇ ತಾನೆ, ‘ಹೀ’ ಎಂದರೆ ಸಾಕು. ಇಂಗ್ಲಿಷಿನಲ್ಲಿ ರಾಷ್ಟ್ರಪತಿಗೂ ‘ಹೀ’ಯೇ. ಆ ಹನ್ನೊಂದು ಪದ ತಿದ್ದಿಕೊಟ್ಟರೆ ನಾಲ್ಕನ್ನು ಹೊಡೆದುಹಾಕಿ ತಾವೇ ಬೇರೆ ಅಂಕ ಹಾಕುವುದಾಗಿಯೂ, ವೇದಿಕೆ ಅವಳದೇ ಎಂದೂ ಹೇಳಿದರು.

“ರಾಷ್ಟ್ರಪತಿಗೆ ಅವರ ಮನ್ಯಾಗ ಏನಂತಾರೋ ನನಗ ಗೊತ್ತಿಲ್ರಿ ಟೀಚರ್,” ಎಂದಳು ನೇತ್ರಾ. “ನಮ್ಮಪ್ಪಗ ನಾ ‘ಅವ’ ಅನ್ನಂಗಿಲ್ರಿ.”

ತಲೆಗಳೆಲ್ಲ ಅವಳತ್ತ ತಿರುಗಿದವು. ಕಾರ್ಖಾನೆ ನೌಕರರ ಮಕ್ಕಳೇ ತುಂಬಿದ್ದ ಆ ಕ್ಲಾಸಿನಲ್ಲಿ ಕನ್ನಡದವರಿಗೇನೂ ಬರವಿರಲಿಲ್ಲ. ಟೀಚರೇ ರಾಯಚೂರಿನ ಕಡೆಯವರು. ಆದರೂ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಆಡುವ ಎದೆಗಾರಿಕೆ ಅಲ್ಲಿಯವರೆಗೆ ಯಾರಿಗೂ ಇರಲಿಲ್ಲ. ನೇತ್ರಾ ಅಲ್ಲಾಡಲಿಲ್ಲ. ಮಾತು ಬಂದಾಗಿನಿಂದ ‘ಅಪ್ಪಾ ಬಂದ್ರು’ ಎಂದೇ ಹೇಳಿಕೊಂಡು ಬಂದವಳು ಅವಳು. ಭಾಷೆ ಬದಲಾದ ಮಾತ್ರಕ್ಕೆ ಅಪ್ಪ ಚಿಕ್ಕವರಾಗಿಬಿಡುತ್ತಾರೆಯೇ?

ಅಮೋಲನಿಗೆ ಸುಮ್ಮನಿರಲಾಗಲಿಲ್ಲ. ಕೂತಲ್ಲಿಂದಲೇ ಕುತ್ತಿಗೆ ಚಾಚಿ ಅವನೂ ಕನ್ನಡಕ್ಕೇ ಇಳಿದ. “ಹಂಗಾರ ನಿಮ್ಮವ್ವಗ ‘ಶೀ’ ಅಂತ ಯಾಕ ಬರದಿ? ಅಕಿಗೆ ಮರ್ಯಾದಿ ಬ್ಯಾಡೇನು?”

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನೇತ್ರಾ ನೋಟ್‌ಬುಕ್ ಕೈಗೆತ್ತಿಕೊಂಡು ಅವ್ವನ ಭಾಗ ತೆಗೆದಳು. ಹೌದಲ್ಲ! ಮನೆಯಲ್ಲಿ ಅಪ್ಪ ಬರುತ್ತಾರೆ, ಅವ್ವ ಬರುತ್ತಾಳೆ. ಅದು ಸಲಿಗೆ ಎಂದು ಹೇಳಿ ಅವನ ಬಾಯಿ ಮುಚ್ಚಿಸಬಹುದಿತ್ತು. ಆದರೆ ನೋಟ್‌ಬುಕ್ಕಿನಲ್ಲಿ ತಾನೇ ಬರೆದದ್ದು ಕಣ್ಣೆದುರಿಗೇ ಇತ್ತಲ್ಲ. ನಸುಕಿನ ನಾಲ್ಕಕ್ಕೆ ನಳದ ನೀರಿಗೆ ಏಳುವವಳು ಅವ್ವ. ಅಪ್ಪನ ಡಬ್ಬಿಗೆ ರೊಟ್ಟಿ ಬಡಿಯುವವಳು ಅವ್ವ. ಕಾಲೊನಿಯವರ ಸೀರೆಗಳಿಗೆಲ್ಲ ಫಾಲ್ ಹೊಲಿದು, ಮಗಳು ಹಿಂದೆ ಬೀಳಬಾರದೆಂದು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದವಳೂ ಅವ್ವನೇ. ಅಪ್ಪ ರಾಮದಾಸರು ಒಳ್ಳೆಯವರೇ, ಇಲ್ಲವೆಂದವರು ಯಾರು? ಕಾರ್ಖಾನೆಗೆ ಹೋಗುತ್ತಿದ್ದರು, ಬರುತ್ತಿದ್ದರು. ಅಮೋಲನ ಮೇಲಿದ್ದ ಸಿಟ್ಟು ಇಳಿದು, ನೇತ್ರಾಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಬೆಲ್ಲಿಗೆ ಇನ್ನು ಐದು ನಿಮಿಷ ಇದೆ ಎಂದು ಟೀಚರ್ ಗಡಿಯಾರ ತೋರಿಸಿದರು. ಅಷ್ಟರೊಳಗೆ ತಿದ್ದಿ ತರಬೇಕು, ಇಲ್ಲವಾದರೆ ವೇದಿಕೆಗೆ ಅಮೋಲನ ಪ್ರಬಂಧವೇ ಹೋಗುತ್ತದೆ.

ನೇತ್ರಾ ತಿರುಗಿ ಬಂದವಳು ಅಮೋಲನ ಬೆಂಚಿನ ಹತ್ತಿರ ನಿಂತು, ಅವನ ಕೈಯಿಂದ ಕೆಂಪು ಪೆನ್ನನ್ನು ಕಿತ್ತುಕೊಂಡಳು. ಕಡೆಗೂ ದಾರಿಗೆ ಬಂದಳು ಎಂದುಕೊಂಡು ಅವನು ಹಲ್ಲು ಕಿರಿದ. ಅವಳು ತನ್ನ ಜಾಗದಲ್ಲಿ ಕೂತು, ತಲೆ ಎತ್ತದೆ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹುಡುಕಿ ಹುಡುಕಿ ತಿದ್ದಿದಳು. ಬೆಲ್ಲು ಹೊಡೆಯುವ ಮುಂಚೆಯೇ ನೋಟ್‌ಬುಕ್ ಮೇಜಿನ ಮೇಲಿತ್ತು.

ಟೀಚರ್ ಪುಟ ತಿರುವಿದರು. ಅಪ್ಪನ ಹನ್ನೊಂದು ‘ದೇ’ಗಳ ಮೇಲೆ ಅಮೋಲ್ ಬರೆದಿದ್ದ ‘ಹೀ’ಗಳನ್ನೆಲ್ಲ ಗೀಚಿ ಹಾಕಿತ್ತು. ಕೆಳಗೆ, ಅವ್ವನ ಭಾಗದಲ್ಲಿ, ‘ಶೀ’ ಎಂದಿದ್ದ ಒಂಬತ್ತೂ ಕಡೆ ಅಡ್ಡಗೆರೆ ಎಳೆದು ಮೇಲೆ ದುಂಡಗೆ ‘ದೇ’ ಎಂದು ಬರೆದಿತ್ತು. ಈಗ ಆ ಪುಟದಲ್ಲಿ ನಸುಕಿನ ನಾಲ್ಕಕ್ಕೆ ನಳದ ನೀರಿಗೆ ಸಾವಿತ್ರಿಯವರು ಏಳುತ್ತಿದ್ದರು. ಅವರೇ ರೊಟ್ಟಿ ಬಡಿಯುತ್ತಿದ್ದರು, ಅವರೇ ಫಾಲ್ ಹೊಲಿಯುತ್ತಿದ್ದರು.

ಟೀಚರ್ ಬಹಳ ಹೊತ್ತು ಓದಿದರು. ಆಮೇಲೆ ಅವರ ಬಾಯಿಂದಲೂ ಕನ್ನಡವೇ ಬಂತು.

“ನೇತ್ರಾ, ಹನ್ನೊಂದು ತಪ್ಪಿದ್ವು. ಈಗ ಇಪ್ಪತ್ತಾಗ್ಯಾವ.”

“ಇಲ್ರಿ ಟೀಚರ್,” ಎಂದಳು ನೇತ್ರಾ, ಪೆನ್ನಿನ ಮುಚ್ಚಳ ಹಾಕುತ್ತ. “ಇದ್ದದ್ದ ಒಂಬತ್ತು. ತಿದ್ದೀನ್ರಿ.”