ಅಂಗೈ ಮೇಲಿನ ಚಾಂಪಿಯನ್

ಕೈ ಪಂಜರದೊಳಗೆ ಹೋದದ್ದೇ ತಡ, ಸಿಡಿಲು ಬಡಿಯಿತು. ಬಟ್ಟಲು ಮಗುಚಿತು, ನೀರು ಚೆಲ್ಲಿತು, ಹಕ್ಕಿಯ ಕೂಗಿಗೆ ಅಕ್ಕಪಕ್ಕದ ಏಳು ಮನೆಗಳ ಕೂಸುಗಳು ಎಚ್ಚರಗೊಂಡವು. ಕರ್ಯೊನೊ ಕೈ ಹೊರಗೆಳೆದಾಗ ಬೆರಳಿಗೆ ಅಂಟಿಕೊಂಡು ಬಂದದ್ದು ಒಂದು ಉದ್ದನೆಯ ಬಾಲದ ಗರಿ.

“ಇನ್ನೊಂದು ಗರಿ ಉದುರಿದ್ರೆ ಅದು ಶಾಮ ಹಕ್ಕಿ ಅಲ್ಲ ಪಾಕ್, ಕೋಳಿಮರಿ,” ಎಂದಳು ಹೆಂಡತಿ ಲಸ್ಮಿ. ಆ ಕಡೆ ಗಂಡನನ್ನು ‘ಪಾಕ್’ ಎಂದು ಕರೆಯುತ್ತಾರೆ, ಹೆಂಡತಿಯನ್ನು ‘ಬು’ ಎಂದು.

ಹಕ್ಕಿಯ ಹೆಸರು ಪೆತಿರ್, ಅಂದರೆ ಸಿಡಿಲು. ಕ್ಲಾತೆನ್ ಊರಿನ ಹಾಡುಹಕ್ಕಿ ಪಂದ್ಯದಲ್ಲಿ ಸತತ ಮೂರು ಕಪ್ ಗೆದ್ದಿತ್ತು. ಚಪ್ಪರದಡಿ ಸಾಲಾಗಿ ಪಂಜರಗಳು, ಹಗ್ಗದಾಚೆ ಮಾಲೀಕರು. ತಂತಮ್ಮ ಹಕ್ಕಿಗೆ ಹುರುಪು ಬರಲೆಂದು ನಲವತ್ತು ಗಂಡಸರು ಎಂಬತ್ತು ಕೈ ಬೀಸಿ ಅರಚುವುದು ಅಲ್ಲಿನ ಪದ್ಧತಿ. ಆ ಗದ್ದಲದಲ್ಲೂ ಪೆತಿರ್ ಎತ್ತುತ್ತಿದ್ದ ಸ್ವರಕ್ಕೆ ಮೆರಾಪಿ ಬೆಟ್ಟ ಹೊಗೆ ಬಿಡುವುದನ್ನು ನಿಲ್ಲಿಸಿ ಕಿವಿಗೊಡುತ್ತಿತ್ತು. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಮನೆಯಲ್ಲಿ ಸುಮ್ಮನೆ ಕೂತಾಗ ಮಾತ್ರ ಒಂದು ಸ್ವರವೂ ಇಲ್ಲ. “ದೊಡ್ಡ ಕಲಾವಿದರು ಮನೇಲಿ ಹಾಡಲ್ಲ ಕಣೆ,” ಎನ್ನುತ್ತಿದ್ದ ಕರ್ಯೊನೊ, ಮೀಸೆ ತಿರುವುತ್ತ.

ಆ ಮೀಸೆಯೇ ಈಗ ಅಪಾಯದಲ್ಲಿತ್ತು. ಎರಡು ಬೈಕು ನಿಲ್ಲಿಸುವಷ್ಟು ಅಗಲದ ಮೀಸೆ! ಅದನ್ನೇ ಪಣಕ್ಕಿಟ್ಟು, ಪಂದ್ಯದಲ್ಲಿ ಎದುರಾಳಿಯೂ ಆದ ತಂಗಿಯ ಗಂಡ ಗಿಮಿನ್‌ಗೆ ಸವಾಲು ಹಾಕಿದ್ದ: ನಾಲ್ಕನೆಯ ಕಪ್ ಗೆಲ್ಲದಿದ್ದರೆ ಪಂದ್ಯದ ಬಯಲಲ್ಲೇ ಕತ್ತರಿಸಿಬಿಡು. ಬೋಳು ಬಾಲದ ಹಕ್ಕಿಯನ್ನು ಯಾವ ಮುಖ ಹೊತ್ತು ಒಯ್ಯುವುದು? ಕೈಯ ಭಯ ಬಿಡಿಸಲೇಬೇಕು.

ಮೊದಲ ವಾರ ಪಂಜರದ ಪಕ್ಕ ಕೈಯಿಟ್ಟು ಕಲ್ಲಿನಂತೆ ಕೂತ. ಬೆರಳ ಸಂದಿಯಲ್ಲಿ ಜೇಡವೊಂದು ಬಲೆ ನೇಯ್ದು, ಸಂಸಾರ ಹೂಡಿ, ಮೊಮ್ಮಕ್ಕಳನ್ನೂ ಕಂಡಿತು. ಎರಡನೆಯ ವಾರ ಅಂಗೈ ತುಂಬ ಹಕ್ಕಿಗೆ ಪ್ರಿಯವಾದ ಇರುವೆ ಮೊಟ್ಟೆ. ದಿನಕ್ಕೊಂದು ಬೆರಳು ಒಳಕ್ಕೆ. ಮೂರನೆಯ ವಾರ ಪೆತಿರ್ ತಾನಾಗಿ ಹೆಬ್ಬೆರಳ ಮೇಲೆ ಕೂತು, ಕಣ್ಣು ಮುಚ್ಚಿ ತಲೆ ಕೆರೆಸಿಕೊಂಡಿತು. ಕರ್ಯೊನೊ ಸುರಿಸಿದ ಆನಂದಬಾಷ್ಪದಲ್ಲಿ ಎರಡು ಗದ್ದೆ ನಾಟಿಯಾಯಿತು. ಬೀದಿಯವರೆಲ್ಲ ಬಂದು ಅಂಗೈ ಚಾಚಿದರು. ಒಂದು ಕೈಗೂ ಹಕ್ಕಿ ಅಂಜಲಿಲ್ಲ.

“ಅಬ್ಬಾ, ಮನೆ ಎಷ್ಟು ತಣ್ಣಗಾಯ್ತು!” ಎಂದಳು ಲಸ್ಮಿ. “ಪಿಟ್ಟೆಂದ್ರೆ ಪಿಟ್ಟಿಲ್ಲ.”

“ಪಂದ್ಯಕ್ಕೆ ಗಂಟಲು ಉಳಿಸ್ಕೊಳ್ತಿದೆ, ಬು. ನಿಂಗೆಲ್ಲಿ ಗೊತ್ತಾಗ್ಬೇಕು.”

ಭಾನುವಾರ ಪಂಜರಗಳು ತೂಗಿದವು. ಎಂಬತ್ತು ಕೈ ಮೇಲೆದ್ದವು. ಕರ್ಯೊನೊ ಭೂಮಿ ನಡುಗುವಂತೆ ಕುಣಿದ.

ಪೆತಿರ್ ಆ ಕೈಗಳನ್ನೆಲ್ಲ ನೋಡಿತು. ಒಂದು ಕಾಲು ಮಡಚಿತು. ಯಾರಾದರೂ ತಲೆ ಕೆರೆಯಲೆಂದು ಕತ್ತು ಬಾಗಿಸಿ ಕಣ್ಣು ಮುಚ್ಚಿತು.

“ಹಾಡೋ ನನ್ನಪ್ಪಾ! ನನ್ನ ಮೀಸೆ ಕಣೋ!”

ಹಾಡಲಿಲ್ಲ. ತೀರ್ಪುಗಾರರು ಗೆಲುವಿನ ಬಾವುಟವನ್ನು ಗಿಮಿನ್‌ನ ಪಂಜರದಡಿ ನೆಟ್ಟರು. ಅವನು ಜೇಬಿಂದ ಕತ್ತರಿ ತೆಗೆದ. “ಅಲ್ಲಾಡ್ಬೇಡಿ ಭಾವ, ಮೂಗು ಹೋದೀತು.”

ಕೈ ಮುಖದ ಹತ್ತಿರ ಬಂತು. ಕರ್ಯೊನೊ ಬಾಯಿ ತೆರೆದ. ಹೊರಟ ದನಿಗೆ ತೀರ್ಪುಗಾರರು ಮೂವರೂ ಬೆಚ್ಚಿ ತಿರುಗಿದರು: ಅದೇ ಏರಿಳಿತ, ಅದೇ ನಡುಕ, ಮೂರು ಕಪ್ ಗೆದ್ದ ಅದೇ ಹಾಡು!

ಪೆತಿರ್ ಅಷ್ಟು ದಿನ ಹಾಡಿರಲೇ ಇಲ್ಲ. “ಕಾಪಾಡ್ರಪ್ಪೋ” ಎಂದು ಬೊಬ್ಬೆ ಹೊಡೆದಿತ್ತು.