ಗಂಗಿಯ ಅಳತೆ

“ಅಜ್ಜೀ, ಇವತ್ತು ಮೇಷ್ಟ್ರಮ್ಮ ನನ್ನ ಅಳತೆ ತಗಂಡ್ರು” ಎಂದಳು ಗಂಗಿ, ರೊಟ್ಟಿ ಕಚ್ಚುತ್ತ.

ರೇವಮ್ಮ ತಟ್ಟುತ್ತಿದ್ದ ಹಿಟ್ಟು ಅಂಗೈಯಲ್ಲೇ ಉಳಿಯಿತು. “ಏನಂದೆ? ಎಲ್ಲಿಂದ ಎಲ್ಲಿಗೆ?”

“ನೆತ್ತಿಯಿಂದ ಇಮ್ಮಡಿಗೆ. ಕೆಂಪು ದಾರ್ದಲ್ಲಿ. ಆಮ್ಯಾಕೆ ಕತ್ತರ್ಸಿ, ತುದೀನ ಮಣ್ಣಿಗೆ ಸಿಗ್ಸುದ್ರು.”

ನಾಲ್ಕು ವರ್ಷದ ಕೂಸಿಗೆ ಏನು ತಿಳಿದೀತು? ತಿಳಿದಿದ್ದುದು ರೇವಮ್ಮನಿಗೆ. ಅವರ ಜನರಲ್ಲಿ ಉಸಿರು ನಿಂತವರ ಪಾದಕ್ಕೆ ದಾರ ಹಿಡಿದು, ಆ ಪಾದದ ಅಳತೆಯಲ್ಲೇ ಗುಣಿ ತೋಡುತ್ತಾರೆ. ಗಂಗಿಯ ತಾಯಿ ಪ್ರೇಮಕುಮಾರಿಯ ಪಾದಕ್ಕೆ ದಾರ ಹಿಡಿದದ್ದನ್ನು ನೋಡಿದ ಕಣ್ಣು ಅವಳದು. ಮಗಳು ಹೋದ ಮೇಲೆ ಉಳಿದದ್ದು ಇದೊಂದು ಕುಡಿ. ಅಂದಿನಿಂದ ಈ ಕುಡಿಯ ಮೈಗೆ ದಾರ ತಾಗಿಸಿದವರಿಲ್ಲ. ದರ್ಜಿ ಚನ್ನಪ್ಪನೂ ಲಂಗವನ್ನು ಕಣ್ಣಳತೆಯಲ್ಲೇ ಹೊಲಿಯಬೇಕು. ಒಂದು ಲಂಗ ನೆಲ ಗುಡಿಸಿದರೆ ಇನ್ನೊಂದು ಮೊಣಕಾಲು ಮುಚ್ಚುತ್ತಿರಲಿಲ್ಲ. ಸಾವಿಗೆ ಅಳತೆ ಸಿಗದ ಹಾಗೆ ಅವಳು ಮೊಮ್ಮಗಳನ್ನು ಬಚ್ಚಿಟ್ಟು ಸಾಕುತ್ತಿದ್ದಳು.

ಹಾಸನದಿಂದ ಬಂದು ಬಾಗೂರಿನ ಮಠದ ಜಗಲಿಯಲ್ಲಿ ಶಿಶುವಿಹಾರ ತೆರೆದ ಅನಸೂಯಮ್ಮನ ಮೇಲೆ ರೇವಮ್ಮನಿಗೆ ಮೊದಲಿಂದಲೂ ಒಂದು ಕಣ್ಣಿತ್ತು. ಅಕ್ಷರ ತಿದ್ದಿಸುವುದಿಲ್ಲ, ಬೆತ್ತ ಮುಟ್ಟುವುದಿಲ್ಲ. ಚೈತ್ರ ಬಂತೆಂದು ಮಕ್ಕಳಿಂದ ಹೊಂಗೆಯ ಹೂ ಆರಿಸಿ ರಂಗೋಲಿ ಹಾಕಿಸುತ್ತಾಳೆ, ಕೆರೆಯ ಮಣ್ಣಲ್ಲಿ ಗುಬ್ಬಚ್ಚಿ ಮಾಡಿಸುತ್ತಾಳೆ, ಕಣ್ಣು ಮುಚ್ಚಿಸಿ ಮಾವಿನ ಚಿಗುರು ಮೂಸಿಸುತ್ತಾಳೆ. “ಮಕ್ಕಳಿಲ್ಲದೋಳು ಕಂಡೋರ ಮಕ್ಕಳ್ನ ಇಷ್ಟೊಂದು ಮುದ್ದು ಮಾಡ್ತಾಳಲ್ಲ, ಯಾತಕ್ಕಂತೀರ?” ಎಂದು ಪಕ್ಕದ ಮನೆಯ ಕಮಲಾಕ್ಷಮ್ಮ ಹೇಳಿದ್ದು ಈಗ ಅರ್ಥವಾಯಿತು. ಈ ಯುದ್ಧದ ಕಾಲದಲ್ಲಿ, ಹರಿದ ರವಿಕೆ ಹೊಲಿಯಲು ನೂಲು ಸಿಗದಿರುವಾಗ, ಮಣ್ಣಿಗೆ ಸಿಗಿಸಲು ಇವಳಿಗೆ ದಾರ ಎಲ್ಲಿಂದ ಬಂತು?

ಹಿಟ್ಟಿನ ಕೈಯಲ್ಲೇ ಮಠಕ್ಕೆ ಹೋದಳು. ಜಗಲಿಯುದ್ದಕ್ಕೂ ಮಣ್ಣು ತುಂಬಿದ ತೆಂಗಿನ ಚಿಪ್ಪುಗಳು. ಒಂದೊಂದರಲ್ಲೂ ಒಂದು ಅಲಸಂದೆಯ ಸಸಿ. ಕಂಬದಿಂದ ಕಂಬಕ್ಕೆ ಕಟ್ಟಿದ ಬಿದಿರಿನಿಂದ ಪ್ರತಿ ಚಿಪ್ಪಿಗೂ ಒಂದೊಂದು ದಾರ ಇಳಿಬಿದ್ದಿತ್ತು.

“ನನ್ನ ಮೊಮ್ಮಗಳ್ದು ಯಾವುದವ್ವ?”

“ಈ ಕೆಂಪು ದಾರದ್ದು. ಬನ್ನಿ ರೇವಮ್ಮನೋರೇ” ಎಂದು ಅನಸೂಯಮ್ಮ ನೀರಿನ ಚೊಂಬು ಕೆಳಗಿಟ್ಟಳು. “ಮಗು ಎಷ್ಟೆತ್ತರವೋ ದಾರ ಅಷ್ಟುದ್ದ. ಬಳ್ಳಿ ಅದನ್ನ ಹಿಡ್ಕೊಂಡು ಹತ್ತುತ್ತೆ. ತುದಿ ಮುಟ್ಟಿದ ದಿನ, ಬಳ್ಳಿ ನನ್ನಷ್ಟೇ ಬೆಳೀತು ಅಂತ ಮಗು ಕುಣೀತದೆ.”

“ತುದಿ ಮುಟ್ಟಿದ ಮ್ಯಾಕೆ?”

“ಆಮೇಲೇನು?”

“ಅದೇ ನಾನೂ ಕೇಳ್ತಿರಾದು. ಅಳತೆ ತುಂಬುದ್ ಮ್ಯಾಕೆ ಏನಾಯ್ತದೆ?”

ಅನಸೂಯಮ್ಮ ನಕ್ಕಳು. ಆ ನಗು ಸಾಕಾಯಿತು. ಅವಳು ಬಾವಿಯ ಕಡೆ ತಿರುಗಿದ್ದೇ ತಡ, ರೇವಮ್ಮ ಕೆಂಪು ದಾರ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು. ಮನೆಗೆ ಬಂದು ಒಲೆಗೆ ಹಾಕಲು ಹೋದರೆ ಕೈ ಬರಲಿಲ್ಲ, ಮಗುವಿನ ಅಳತೆಯಲ್ಲವೇ. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗೆ ಸುತ್ತಿಟ್ಟಳು.

ಮರುದಿನ ಗಂಗಿ ಊಟಕ್ಕೆ ಬಂದವಳು ತಟ್ಟೆ ಮುಟ್ಟಲಿಲ್ಲ. “ಯಾರೋ ಕಳ್ರು ನನ್ನ ದಾರ ಕದ್ಬುಟ್ರಜ್ಜಿ. ಎಲ್ಲಾರ ಬಳ್ಳೀನೂ ಎದ್ದು ನಿಂತವೆ. ನಂದೊಂದೇ ಬಿದ್ಕಂಡದೆ” ಎಂದು ಬಿಕ್ಕಿದಳು. ಉಣ್ಣದೆಯೇ ಓಡಿಹೋದಳು.

ರೇವಮ್ಮ ಹಿಂದೆಯೇ ಹೋಗಿ ಹೊಂಗೆ ಮರದ ಮರೆಯಲ್ಲಿ ನಿಂತು ನೋಡಿದಳು. ಉಳಿದ ಮಕ್ಕಳೆಲ್ಲ ಅಂಗಳದಲ್ಲಿ ಚಿಟ್ಟೆಯ ಹಿಂದೆ ಬಿದ್ದಿದ್ದವು. ಗಂಗಿ ಮಾತ್ರ ತನ್ನ ಚಿಪ್ಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು, ಕಿರುಬೆರಳು ನೆಟ್ಟಗೆ ಎತ್ತಿಕೊಂಡು. ಬಳ್ಳಿಯ ಎಳೆಯ ತುದಿ ಆ ಬೆರಳಿಗೆ ಒಂದು ಸುತ್ತು ಸುತ್ತಿತ್ತು.

“ಏನಮ್ಮಿ ಅದು?” ಎನ್ನುತ್ತ ಹತ್ತಿರ ಹೋದಳು.

“ದಾರ ಇಲ್ವಲ್ಲಜ್ಜಿ. ನನ್ನೇ ಹತ್ಕಳ್ಳಿ ಅಂತ.”

ದಾರ ಕಿತ್ತರೆ, ಬಳ್ಳಿ ಮಗುವನ್ನೇ ಹಿಡಿಯುತ್ತಿದೆ! ರೇವಮ್ಮ ನೇರ ಅನಸೂಯಮ್ಮನ ಮುಂದೆ ಹೋಗಿ ನಿಂತಳು.

“ಇನ್ನೊಂದು ದಾರ ಐತಾ?”

“ಇದೆ. ಗಂಗೀನ ಕರೀಲಾ? ಮತ್ತೆ ಅಳತೆ ನೋಡ್ಬೇಕಲ್ಲ.”

“ಮಗೀನ ಮುಟ್ಬ್ಯಾಡ. ನನ್ನ ಅಳತೆ ತಗ.”

ಅನಸೂಯಮ್ಮ ಈ ಸಲ ನಗಲಿಲ್ಲ. ದಾರದ ತುದಿಯನ್ನು ಮುದುಕಿಯ ನೆತ್ತಿಯ ಮೇಲಿಟ್ಟಳು. “ತಾಳು” ಎಂದಳು ರೇವಮ್ಮ. ಕಂಬಕ್ಕೆ ಬೆನ್ನು ಒತ್ತಿ, ಎಷ್ಟೋ ಕಾಲದಿಂದ ಬಾಗಿದ್ದ ಸೊಂಟವನ್ನು ಹಲ್ಲು ಕಚ್ಚಿ ಎತ್ತಿ, ಕುತ್ತಿಗೆ ನೀಳ ಮಾಡಿ ನಿಂತಳು. “ಈಗ ಇಡು.”

“ಅಜ್ಜಿ ಮೋಸ! ಇಮ್ಮಡಿ ಎತ್ಬಾರ್ದು!” ಎಂದು ಗಂಗಿ ಅಲ್ಲಿಂದಲೇ ಕೂಗಿದಳು.

“ಸುಮ್ಕಿರಮ್ಮಿ. ಬಳ್ಳಿಗೆ ವಸಿ ದೂರ ಬೇಕು” ಎಂದ ರೇವಮ್ಮ ಹಿಮ್ಮಡಿ ಇಳಿಸಲಿಲ್ಲ.

ಆ ದಾರಕ್ಕೆ ಬಿದಿರಿನ ಎತ್ತರ ಸಾಲದೆ ಮೇಲಿನ ತೊಲೆಗೇ ಕಟ್ಟಬೇಕಾಯಿತು. ರೇವಮ್ಮ ಮೊಮ್ಮಗಳ ಪಕ್ಕದಲ್ಲಿ ಕೂತಳು. ಮುಳ್ಳು ತೆಗೆಯುವ ಹಾಗೆ ಮೆಲ್ಲಗೆ ಆ ಕಿರುಬೆರಳಿನಿಂದ ಬಳ್ಳಿಯ ಸುತ್ತು ಬಿಡಿಸಿದಳು. ತನ್ನ ದಾರಕ್ಕೆ ಸುತ್ತಿ, ಅದರ ಎಳೆಯ ತುದಿಗೆ ಬಾಯಿ ತಂದು, ಯಾರಿಗೂ ಕೇಳದ ಹಾಗೆ ಹೇಳಿದಳು:

“ಇದ ಹತ್ತು. ಅವಸರ ಬ್ಯಾಡ.”